ಇಬ್ಬರು ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯ ಪಠ್ಯಕ್ರಮಕ್ಕೆ ಯಾವ ಆಶಯಗಳಿರಬೇಕು?

ಮುಖ್ಯಗುರು, ಡೋಣಿ ದಂಡೆ, ವಿಜಯಪುರ ಜಿಲ್ಲೆ

ಎಲ್ಲರಿಗೂ ಶರಣು. ನಮ್ಮದು ಡೋಣಿ ನದಿಯ ದಂಡೆಯ ಸಣ್ಣ ಊರಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೆಯ ತರಗತಿಯವರೆಗೆ 48 ಮಕ್ಕಳಿದ್ದಾರೆ, ಶಿಕ್ಷಕರು ಇಬ್ಬರು. ಮೊದಲ ಮೂರು ತರಗತಿಗಳ ಮಕ್ಕಳು ನಲಿ-ಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಕೋಣೆಯಲ್ಲಿ ಅಕ್ಕೋರ, ಎಂದರೆ ಶಿಕ್ಷಕಿಯ, ಬಳಿ ಕೂಡಿ ಕಲಿಯುತ್ತಾರೆ. ನಾಲ್ಕು ಮತ್ತು ಐದನೆಯ ತರಗತಿಗಳು ನನ್ನ ಪಾಲಿಗಿವೆ. ಹೋದ ತಿಂಗಳು ಶಾಲಾ ಅಭಿವೃದ್ಧಿ ಯೋಜನೆಯನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿ ಹೇಳುತ್ತಿದ್ದಾಗ ಸದಸ್ಯೆಯಾಗಿರುವ ಒಬ್ಬ ತಾಯಿ ನಡುವೆಯೇ ಕೇಳಿದರು: “ಗುರುಗಳ, ಕಂಪೌಂಡ್ ಗ್ವಾಡಿ, ನೀರಿನ ಟಾಕಿ ಎಲ್ಲಾ ಬರದೀರಿ. ಐದನೇ ಇಯತ್ತೆ ಮುಗಿಸಿ ಹೊರಗ ಹೋಗೂದ್ರಾಗ ನನ್ನ ಮಗಳಿಗೆ ಏನೇನು ಬರಬೇಕು ಅನ್ನೂದನ್ನ ಎಲ್ಲಿ ಬರದೀರಿ?” ನನ್ನ 22 ವರ್ಷಗಳ ಸೇವೆಯಲ್ಲಿ ಯಾವ ಪಾಲಕರೂ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಮುಂದಿನ ಸಭೆಯ ಹೊತ್ತಿಗೆ ಒಂದು ಪುಟದಲ್ಲಿ ಬರೆದು ತರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಬರೆಯಲು ಕುಳಿತಾಗ ಮೊದಲು ಕಾಯ್ದೆಯನ್ನು ತೆಗೆದು ನೋಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣ ಪಠ್ಯಕ್ರಮದ ಬಗ್ಗೆ ಎಂಟು ಅಂಶಗಳನ್ನು ಹೇಳುತ್ತದೆ. ಕಲಿಕೆ ಸಂವಿಧಾನದ ಮೌಲ್ಯಗಳಿಗೆ ಹೊಂದಿಕೊಂಡಿರಬೇಕು, ಚಟುವಟಿಕೆ ಮತ್ತು ಹುಡುಕಾಟದ ಮೂಲಕ ನಡೆಯಬೇಕು, ಬೋಧನೆ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕು, ಮಗು ಭಯ ಮತ್ತು ಆತಂಕಗಳಿಲ್ಲದೆ ತನ್ನ ಅನಿಸಿಕೆಯನ್ನು ಹೇಳುವಂತಿರಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿನೊಡನೆ ಬೆಸೆಯಬೇಕೆಂದು ಹೇಳಿತು. ಇವೆಲ್ಲವನ್ನೂ ನಾನು ಒಪ್ಪುತ್ತೇನೆ. ಆದರೆ ಇವು ಇಡೀ ದೇಶಕ್ಕೆ ಬರೆದ ಮಾತುಗಳಾಗಿರುವುದರಿಂದ, ಆ ತಾಯಿಗೆ ಇವುಗಳನ್ನೇ ಓದಿ ಹೇಳಿದರೆ ಅವರ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ನನ್ನ ಕರಡಿನಲ್ಲಿ ಸದ್ಯಕ್ಕೆ ನಾಲ್ಕು ಆಶಯಗಳಿವೆ. ಮೂರನೆಯ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ತಾನು ಹಿಂದೆ ನೋಡಿರದ ಒಂದು ಪುಟವನ್ನು ಓದಿ ತನ್ನ ಮಾತಿನಲ್ಲಿ ಹೇಳಬೇಕು. ಐದನೆಯ ತರಗತಿಯ ಕೊನೆಗೆ ಮನೆಯ ಮತ್ತು ಹೊಲದ ಲೆಕ್ಕವನ್ನು ಮಾಡಿ ತೋರಿಸಬೇಕು. ತನ್ನ ಊರಿನ ಮಣ್ಣು, ನೀರು, ಬೆಳೆ, ಕಸುಬುಗಳನ್ನು ಗಮನಿಸಿ ಪ್ರಶ್ನೆ ಕೇಳಬೇಕು. ಜಾತಿ, ಲಿಂಗ, ಭಾಷೆಗಳ ಭೇದವಿಲ್ಲದೆ ಜೊತೆಯವರೊಡನೆ ಕೂಡಿ ಬಾಳುವುದನ್ನು ಶಾಲೆಯಲ್ಲಿಯೇ ಅನುಭವಿಸಬೇಕು. ಇವುಗಳಲ್ಲಿ ಏನು ಬಿಟ್ಟಿದ್ದೇನೆ, ಯಾವುದು ಬರಿಯ ಮಾತಾಗಿ ಉಳಿಯುತ್ತದೆ ಎಂಬುದನ್ನು ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ನಲಿ-ಕಲಿ ಶಿಕ್ಷಕಿ, ಬೀಳಗಿ ಕಡೆಯಿಂದ

ಗುರುಗಳೇ, ನಿಮ್ಮ ಮೊದಲ ಆಶಯವನ್ನು ಮೊದಲಿಗೇ ಇಟ್ಟದ್ದು ಸರಿಯಾಗಿದೆ. ಆದರೆ ಅದರೊಳಗೆ ಇನ್ನೊಂದು ಆಶಯ ಅಡಗಿದೆ, ಅದನ್ನು ಬಿಡಿಸಿ ಬರೆಯಬೇಕು.

ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ಶಾಲಾ ದಿನಗಳು, 800 ಬೋಧನಾ ಗಂಟೆಗಳು. ಎಂದರೆ ದಿನಕ್ಕೆ ನಾಲ್ಕು ಗಂಟೆ. ನಿಮ್ಮ ಕೋಣೆಯಲ್ಲಿ ಎರಡು ತರಗತಿಗಳಿವೆ; ನೀವು ಎಷ್ಟೇ ಶ್ರಮಪಟ್ಟರೂ ಐದನೆಯ ತರಗತಿಯ ಮಗುವಿಗೆ ನೀವು ನೇರವಾಗಿ ಸಿಗುವುದು ಎರಡು ಗಂಟೆ ಮಾತ್ರ. ನನ್ನ ಕೋಣೆಯಲ್ಲಿ ಮೂರು ತರಗತಿಗಳಿರುವುದರಿಂದ ನನ್ನ ಮಕ್ಕಳಿಗೆ ಅದಕ್ಕಿಂತ ಕಡಿಮೆ. ಉಳಿದ ಹೊತ್ತಿನಲ್ಲಿ ಮಗು ಏನು ಮಾಡುತ್ತದೆ ಎಂಬುದೇ ಸಣ್ಣ ಶಾಲೆಯ ಪಠ್ಯಕ್ರಮದ ಮುಖ್ಯ ಪ್ರಶ್ನೆಯೆಂದು ನಾನು ತಿಳಿದಿದ್ದೇನೆ. ಗುರು ಬೇರೆ ಗುಂಪಿನೊಡನೆ ಇರುವಾಗಲೂ ಮಗು ತಾನಾಗಿ ಓದಿ, ಜೊತೆಯವರನ್ನು ಕೇಳಿ, ತಪ್ಪಿದ್ದನ್ನು ತಾನೇ ಕಂಡುಕೊಂಡು ಮುಂದೆ ಹೋಗುವುದನ್ನು ಕಲಿಯಬೇಕು. ಶಿಕ್ಷಕರ ಕೊರತೆಯಿರುವ ಕಡೆ ಮಾಡಿಕೊಳ್ಳುವ ಹೊಂದಾಣಿಕೆ ಎಂದು ಇದನ್ನು ನೋಡಬಾರದು. ಪೂರ್ಣ ಪ್ರಮಾಣದ ಒಂದು ಆಶಯವೆಂದೇ ಬರೆಯಿರಿ.

ನಲಿ-ಕಲಿ ಹುಟ್ಟಿದ್ದೇ ಈ ತಿಳಿವಳಿಕೆಯಿಂದ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಕಂಡದ್ದನ್ನು ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡು ಕಲಿಕಾ ಏಣಿ (ಮಗು ಹಂತ ಹಂತವಾಗಿ ಹತ್ತುವ ಕಲಿಕೆಯ ಮೆಟ್ಟಿಲುಗಳು) ಮತ್ತು ಕಾರ್ಡುಗಳನ್ನು ತಯಾರಿಸಿದರು. ಕೋಣೆಯಲ್ಲಿ ಮಕ್ಕಳು ಕೂರುವ ಗುಂಪುಗಳಿಗೆ ತಟ್ಟೆ ಎನ್ನುತ್ತೇವೆ; ಶಿಕ್ಷಕರ ನೆರವಿನ ತಟ್ಟೆಯಿಂದ ಹಿಡಿದು ಸ್ವಕಲಿಕೆಯ ತಟ್ಟೆಯವರೆಗೆ ಮಗು ತನ್ನ ಕಾರ್ಡು ನೋಡಿ ತನ್ನ ಜಾಗವನ್ನು ತಾನೇ ಹುಡುಕಿಕೊಂಡು ಹೋಗಿ ಕೂರುತ್ತದೆ. ಅಕ್ಷರಗಳ ಕ್ರಮವೂ ಇದಕ್ಕೆ ಸಹಾಯಕವಾಗಿದೆ. ವರ್ಣಮಾಲೆಯ ಸಾಲನ್ನು ಹಿಡಿಯದೆ ರ, ಗ, ಸ, ದ, ಅ ಎಂದು ಆರಂಭಿಸುವುದರಿಂದ ಐದೇ ಅಕ್ಷರ ಕಲಿತ ಮಗು ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಯಾರ ಸಹಾಯವೂ ಇಲ್ಲದೆ ಓದಿಬಿಡುತ್ತದೆ. ಆ ಕ್ಷಣದಲ್ಲಿ ಮಗುವಿನ ಮುಖ ಅರಳುವುದನ್ನು ಪ್ರತಿ ವರ್ಷ ನೋಡುತ್ತೇನೆ, ಪ್ರತಿ ವರ್ಷವೂ ಅದು ನನಗೆ ಹೊಸದಾಗಿಯೇ ಕಾಣುತ್ತದೆ. ನನ್ನ ಕೊರಗು ಬೇರೆ. ಮೂರು ವರ್ಷ ಹೀಗೆ ಕಲಿತ ಮಗು ನಾಲ್ಕನೆಯ ತರಗತಿಗೆ ಹೋದೊಡನೆ ಸಾಲಾಗಿ ಕುಳಿತು ಗುರುಗಳ ಸರದಿಗೆ ಕಾಯುವುದನ್ನು ಕಲಿಯುತ್ತದೆ. ನಿಮ್ಮ ಪುಟ ಈ ಕಂದಕವನ್ನು ಮುಚ್ಚುವಂತಿರಲಿ.

ಇನ್ನೊಂದು ಮಾತು. ಓದುವ ಸಾಮರ್ಥ್ಯವನ್ನು ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುವ ಪದ್ಧತಿ ಈಗ ಬಂದಿದೆ. ಕನ್ನಡದಲ್ಲಿ “ತೆಗೆದುಕೊಂಡುಬಂದಿದ್ದಾರೆಯೇ” ಎಂಬುದು ಒಂದೇ ಪದ, “ಸರ” ಎಂಬುದೂ ಒಂದೇ ಪದ. ಆದ್ದರಿಂದ ಎಣಿಕೆಯ ಜೊತೆಗೆ ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುವುದನ್ನು ನೀವು ಸೇರಿಸಿದ್ದು ನನಗೆ ಬಹಳ ಹಿಡಿಸಿತು.

ಪಾಲಕ, ಇಂಡಿ ತಾಲ್ಲೂಕು

ನಾನು ಶಿಕ್ಷಕನಲ್ಲ, ನಿಂಬೆ ತೋಟದ ರೈತ. ನಿಮ್ಮ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ಪಾಲಕರ ಮನಸ್ಸಿನಲ್ಲಿರುವುದನ್ನು ಹೇಳದಿದ್ದರೆ ಚರ್ಚೆ ಪೂರ್ಣವಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮಗು ನಾಲ್ಕನೆಯ ತರಗತಿ ಮುಗಿಸುತ್ತಲೇ ಪರೀಕ್ಷೆ ಬರೆದು ಆರನೆಯ ತರಗತಿಗೆ ಸೇರುವ ವಸತಿ ಶಾಲೆಗಳಾದ ನವೋದಯ, ಸೈನಿಕ ಶಾಲೆ, ಮೊರಾರ್ಜಿ, ಹೆಣ್ಣುಮಕ್ಕಳಿಗಾದರೆ ಕಿತ್ತೂರು ಎಂದು ಕೋಚಿಂಗಿಗೆ ಕಳಿಸುವ ಚಿಂತೆ ಶುರುವಾಗುತ್ತದೆ. ಹಿರಿಯ ಮಗನನ್ನು ಅದಕ್ಕಾಗಿಯೇ ಊರಿನ ಶಾಲೆಯಿಂದ ಬಿಡಿಸಿ ಒಂದು ವರ್ಷ ಪಟ್ಟಣದಲ್ಲಿ ಇರಿಸಿದ್ದೆ. ಸಾಲ ಆಯಿತು, ಸೀಟು ಸಿಗಲಿಲ್ಲ, ಹುಡುಗ ಒಂದು ವರ್ಷ ತಾಯಿಯಿಂದ ದೂರವಿದ್ದು ಮೌನಿಯಾಗಿ ಮರಳಿ ಬಂದ. ಈಗ ಮಗಳ ಸರದಿ. ಊರಿನ ಶಾಲೆಯ ಆಶಯಗಳ ಪುಟದಲ್ಲಿ ಈ ಪರೀಕ್ಷೆಗಳ ಮತ್ತು ಇಂಗ್ಲಿಷಿನ ಮಾತೇ ಇಲ್ಲದಿದ್ದರೆ ನನ್ನಂಥವರು ಮತ್ತೆ ಪಟ್ಟಣದ ಬಸ್ಸನ್ನೇ ಹತ್ತುತ್ತಾರೆ. ದಯವಿಟ್ಟು ತಪ್ಪು ತಿಳಿಯಬೇಡಿರಿ.

ಮುಖ್ಯಗುರು, ಡೋಣಿ ದಂಡೆ

ತಪ್ಪು ತಿಳಿಯುವ ಮಾತೇ ಇಲ್ಲ. ನಿಮ್ಮ ಮಗನ ವಿಷಯ ಓದಿ ನೋವಾಯಿತು. ನನ್ನ ತರಗತಿಯಿಂದಲೂ ಹಾಗೆ ಹೋಗಿ ಹಾಗೆಯೇ ಮರಳಿದ ಮಕ್ಕಳಿದ್ದಾರೆ.

ನವೋದಯದ ಆಯ್ಕೆ ಪರೀಕ್ಷೆಯನ್ನೇ ಬಿಡಿಸಿ ನೋಡೋಣ. ಎರಡು ಗಂಟೆಯಲ್ಲಿ 80 ಪ್ರಶ್ನೆಗಳು. ಅವುಗಳಲ್ಲಿ 40 ಮಾನಸಿಕ ಸಾಮರ್ಥ್ಯದವು, 20 ಅಂಕಗಣಿತದವು, 20 ಭಾಷೆಯವು. ಭಾಷೆಯ ಪ್ರಶ್ನೆಗಳನ್ನು ಮಗು ಹಿಂದೆ ನೋಡಿರದ ಗದ್ಯಭಾಗಗಳನ್ನು ಓದಿ ಉತ್ತರಿಸಬೇಕು, ಕನ್ನಡದಲ್ಲಿಯೇ ಬರೆಯಲು ಅವಕಾಶವಿದೆ. ಬೀಳಗಿಯ ಅಕ್ಕೋರು ಹೇಳಿದಂತೆ ತಾನಾಗಿ ಓದಿ ಅರ್ಥಮಾಡಿಕೊಳ್ಳುವ ಮಗುವಿಗೆ ಆ 20 ಪ್ರಶ್ನೆಗಳು ಪರಕೀಯವೆನಿಸುವುದಿಲ್ಲ. ಅಂಕಗಣಿತದಲ್ಲಿಯೂ ಭಿನ್ನರಾಶಿ, ಅಳತೆ, ಲಾಭ ನಷ್ಟಗಳು ನಮ್ಮ ಪಠ್ಯದಲ್ಲಿ ಇರುವಂಥವೇ. ಮಾನಸಿಕ ಸಾಮರ್ಥ್ಯದ ಆಕೃತಿಗಳ ಪ್ರಶ್ನೆಗೆ ಮಾತ್ರ ಬೇರೆ ಅಭ್ಯಾಸ ಬೇಕು, ಅದನ್ನು ಐದನೆಯ ತರಗತಿಯ ಎಲ್ಲ ಮಕ್ಕಳಿಗೂ ವಾರಕ್ಕೆ ಎರಡು ಅವಧಿ ಮಾಡಿಸಲು ನಾನು ಸಿದ್ಧನಿದ್ದೇನೆ. ಆದರೆ ಒಂದು ನವೋದಯ ವಿದ್ಯಾಲಯದಲ್ಲಿ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳಿಗೆ ಸ್ಥಾನ. ಊರಿನ ಶಾಲೆಯ ಪಠ್ಯಕ್ರಮವನ್ನು ಆ ಸ್ಥಾನಗಳ ಸುತ್ತ ಕಟ್ಟಿದರೆ ಉಳಿದವರೆಲ್ಲ ಹತ್ತನೆಯ ವಯಸ್ಸಿಗೇ ತಾವು ಸೋತವರೆಂದು ನಂಬಿಬಿಡುತ್ತಾರೆ. ಹೀಗಾಗಿ ಪರೀಕ್ಷೆಯ ಅಭ್ಯಾಸ ವೇಳಾಪಟ್ಟಿಯಲ್ಲಿ ಇರಲಿ, ಆಶಯಗಳ ಪುಟದಲ್ಲಿ ಬೇಡ ಎಂಬುದು ನನ್ನ ನಿಲುವು.

ಇಂಗ್ಲಿಷಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪಿ ಕರಡಿಗೆ ಒಂದು ವಾಕ್ಯ ಸೇರಿಸುತ್ತೇನೆ. ಒಂದನೆಯ ತರಗತಿಯಿಂದಲೇ ಅದು ಒಂದು ವಿಷಯವಾಗಿ ಇದೆ. ಮಕ್ಕಳು ಅದನ್ನು ಕೇಳಿ ಮಾತನಾಡಲು ಅಂಜದಿರುವಂತೆ ಮಾಡುವುದು ನಮ್ಮ ಹೊಣೆ.

ನಿವೃತ್ತ ಶಿಕ್ಷಕ, ಇಳಕಲ್ಲ

ಮೂರನೆಯ ಆಶಯದಲ್ಲಿ ನೀವು ಮಣ್ಣು, ನೀರು, ಬೆಳೆ, ಕಸುಬು ಎಂದು ಬರೆದಿರುವಿರಿ. ಎರಡನೆಯದರಲ್ಲಿ ಲೆಕ್ಕ ಎಂದಿದ್ದೀರಿ. ನನ್ನ ಅನುಭವದಲ್ಲಿ ಇವೆರಡನ್ನು ಬೇರೆ ಮಾಡಲು ಬರುವುದಿಲ್ಲ.

ನಾಲ್ಕನೆಯ ತರಗತಿಯ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ 33 ಅಡಿಯ ಹಗ್ಗದಿಂದ ಚೌಕ ಹಾಕಿಸುತ್ತಿದ್ದೆ. ಅದು ಒಂದು ಗುಂಟೆ. 33ನ್ನು 33ರಿಂದ ಗುಣಿಸಿದರೆ 1089 ಚದರ ಅಡಿ ಎಂದು ಅವರು ಕಪ್ಪು ಹಲಗೆಯ ಮೇಲೆ ಕಂಡುಕೊಳ್ಳುವ ಮೊದಲು ಅದರ ಸುತ್ತ ನಡೆದಿರುತ್ತಿದ್ದರು. ಅಂಥ 40 ಸೇರಿದರೆ ಎಕರೆ. 2 ಎಕರೆ 10 ಗುಂಟೆ ಹೊಲವನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು ಎಂದು ಕೇಳಿದ ದಿನ ಮಕ್ಕಳು ಮನೆಗೆ ಹೋಗಿ ತಮ್ಮ ಹೊಲದ ಉತಾರವನ್ನೇ (ಪಹಣಿಯನ್ನೇ) ತಂದು ನನ್ನ ಮುಂದೆ ಹಿಡಿದರು. 30 ಗುಂಟೆ ಎಂಬ ಉತ್ತರಕ್ಕಿಂತ ಆ ಕಾಗದವನ್ನು ಓದುವ ಆಸೆ ಅವರಲ್ಲಿ ಹುಟ್ಟಿದ್ದು ನನಗೆ ದೊಡ್ಡದಾಗಿ ಕಂಡಿತು. ತಂಗಿಯ ಪಾಲು ಎಲ್ಲಿ ಎಂದು ಒಬ್ಬ ಹುಡುಗಿ ಕೇಳಿದಳು. ಆ ದಿನ ಗಣಿತದ ಅವಧಿ ಸಮಾಜ ವಿಜ್ಞಾನಕ್ಕೆ ಹೊರಳಿತು, ನಾನು ತಡೆಯಲಿಲ್ಲ.

ನಮ್ಮೂರಲ್ಲಿ ಮಗ್ಗವೇ ದೊಡ್ಡ ಪಾಠಶಾಲೆ. ಇಳಕಲ್ಲ ಸೀರೆಯ ಸೆರಗಿನ ಹಾಸಿನ (ಉದ್ದನೆಯ) ಎಳೆಗಳನ್ನು ಮೈಯ ಹಾಸಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುವ ಕೆಲಸವನ್ನು ಮಕ್ಕಳಿಗೆ ತೋರಿಸಿದರೆ ಎಣಿಕೆ, ಸಮ-ಬೆಸ, ವಿನ್ಯಾಸ ಎಲ್ಲವೂ ಒಂದೇ ಕಡೆ ದೊರೆಯುತ್ತವೆ. ಭಾಷೆಗೂ ಇದೇ ದಾರಿ. ವಿಜಯಪುರ ಜಿಲ್ಲೆಯ ಹಲಸಂಗಿ ಊರಿನ ಸಾಹಿತಿ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡುಗಳನ್ನು ಬರೆದುಕೊಂಡು ನಾಡಿಗೆ ಕೊಟ್ಟರು. ಅದೇ ಕೆಲಸವನ್ನು ಐದನೆಯ ತರಗತಿಯ ಮಗು ತನ್ನ ಅಜ್ಜಿಯ ಮುಂದೆ ಕುಳಿತು ಮಾಡಬಹುದು. ಮೂರು ಸಾಲಿನ ಆ ಪದವನ್ನು ಬರೆದುಕೊಂಡು ಬಂದ ಮೇಲೆ, ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ಇದೇ ತ್ರಿಪದಿಯಿದೆ ಎಂದು ತಿಳಿಸಿದರೆ, ಅಜ್ಜಿಯ ಹಾಡಿಗೂ ಸಾವಿರ ವರ್ಷಗಳಿಗಿಂತ ಹಳೆಯ ಬರಹಕ್ಕೂ ಇರುವ ನಂಟು ಮಗುವಿಗೆ ಕಾಣುತ್ತದೆ.

ಪದವಿ ವಿದ್ಯಾರ್ಥಿನಿ, ಗುಳೇದಗುಡ್ಡ

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬಾರದಾಗಿ ವಿನಂತಿ. ನಾನು ಖಣ (ಕುಪ್ಪಸದ ಬಟ್ಟೆ) ನೇಯುವ ಮನೆಯ ಮಗಳು. ನಾನು ಓದಿದ ಶಾಲೆಯಲ್ಲಿಯೂ ಕಸುಬಿನ ಪಾಠ ಇತ್ತು. ಆ ದಿನ ಲಾಳಿ ತರಲು ನಮ್ಮನ್ನು, ಚಪ್ಪಲಿ ಹೊಲಿಯುವ ಬಗ್ಗೆ ಹೇಳಲು ಬೇರೊಬ್ಬ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದರು; ದೊಡ್ಡ ಮನೆಗಳ ಮಕ್ಕಳು ಕುಳಿತು ನೋಡಿದರು. ಆ ಹುಡುಗ ತಲೆ ತಗ್ಗಿಸಿದ್ದು ನನಗೆ ಇಂದಿಗೂ ನೆನಪಿದೆ. ಶಿಕ್ಷಕರ ಉದ್ದೇಶ ಒಳ್ಳೆಯದಿತ್ತು, ಆದರೂ ಪಾಠ ಮುಗಿದಾಗ ಯಾರು ಯಾವ ಮನೆಯವರೆಂಬುದು ಇಡೀ ತರಗತಿಗೆ ಇನ್ನಷ್ಟು ಸ್ಪಷ್ಟವಾಗಿತ್ತು.

ಊರಿನ ಕಸುಬು ತರಗತಿಗೆ ಬರಬೇಕು ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ನಿಮ್ಮ ಮೂರನೆಯ ಮತ್ತು ನಾಲ್ಕನೆಯ ಆಶಯಗಳು ಬೇರೆ ಬೇರೆ ಸಾಲುಗಳಲ್ಲಿ ಇದ್ದರೆ ಹೀಗಾಗುವ ಸಂಭವವಿದೆ. ಎಲ್ಲ ಮಕ್ಕಳೂ ಎಲ್ಲ ಕೆಲಸವನ್ನೂ ಕೈಯಿಂದ ಮಾಡಿ ನೋಡಬೇಕು, ಯಾವ ಮಗುವನ್ನೂ ಅದರ ಮನೆಯ ಕಸುಬಿನ ಪ್ರತಿನಿಧಿಯಾಗಿ ನಿಲ್ಲಿಸಬಾರದು ಎಂದು ಅಲ್ಲಿಯೇ ಬರೆಯಿರಿ. ಕಸಬರಿಗೆ ಹಿಡಿಯುವ ಮತ್ತು ನೀರು ತರುವ ಸರದಿ ಹುಡುಗರಿಗೂ ಬರಲಿ. ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸುವವರ ಸರದಿಯೂ ಹಾಗೆಯೇ ತಿರುಗಲಿ.

ನಿವೃತ್ತ ಶಿಕ್ಷಕ, ಇಳಕಲ್ಲ

ತಂಗೀ, ನೀನು ಹೇಳಿದ್ದು ಸತ್ಯ. ಇಂಥ ತಪ್ಪು ನನ್ನಿಂದಲೂ ಆಗಿರಬಹುದೆಂದು ಓದುತ್ತಲೇ ಅನ್ನಿಸಿತು. ನಿನ್ನ ವಾಕ್ಯವನ್ನು ಗುರುಗಳು ಹಾಗೆಯೇ ಸೇರಿಸಿಕೊಳ್ಳಬೇಕು.

ಅತಿಥಿ ಶಿಕ್ಷಕ, ತಾಂಡಾ ಶಾಲೆ, ಬಸವನ ಬಾಗೇವಾಡಿ ತಾಲ್ಲೂಕು

ಇಲ್ಲಿಯವರೆಗಿನ ಮಾತೆಲ್ಲ ವರ್ಷಪೂರ್ತಿ ಶಾಲೆಗೆ ಬರುವ, ಮನೆಯಲ್ಲಿ ಕನ್ನಡ ಆಡುವ ಮಗುವನ್ನು ಕುರಿತದ್ದು. ನನ್ನ ತರಗತಿಯ ಮಗು ಹಾಗಿಲ್ಲ.

ಮೊದಲು ಭಾಷೆ. ಒಂದನೆಯ ತರಗತಿಗೆ ಬರುವ ಲಂಬಾಣಿ ಮಗುವಿಗೆ ನೀರೆಂದರೆ ಪಾಣಿ, ರೊಟ್ಟಿಯೆಂದರೆ ಬಾಟಿ, ತಾಯಿಯೆಂದರೆ ಯಾಡಿ. ಗೋರ್ ಬೋಲಿಗೆ, ಎಂದರೆ ಲಂಬಾಣಿ ಮಾತಿಗೆ, ತನ್ನದೇ ಲಿಪಿ ಇಲ್ಲದಿದ್ದರೂ ಕನ್ನಡ ಲಿಪಿಯಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ನಾನು ಗೋಡೆಯ ಮೇಲೆ ಎರಡೂ ಪದಗಳನ್ನು ಅಕ್ಕಪಕ್ಕದಲ್ಲಿ ಬರೆದಿದ್ದೇನೆ. ತನ್ನ ಮನೆಯ ಮಾತು ಗೋಡೆಯ ಮೇಲೆ ಇರುವುದನ್ನು ಕಂಡ ಮಗು ಬಾಯಿ ಬಿಡುತ್ತದೆ, ಬಾಯಿ ಬಿಟ್ಟ ಮಗುವಿಗೆ ಕನ್ನಡ ಬೇಗ ಬರುತ್ತದೆ. ಕನ್ನಡದ ಮನೆಗಳ ಮಕ್ಕಳಿಗೂ ಈ ತೊಡಕು ಸ್ವಲ್ಪ ಮಟ್ಟಿಗೆ ಇದೆ. ಪುಸ್ತಕ ಈರುಳ್ಳಿ, ಕಡಲೆಕಾಯಿ, ಪೊರಕೆ ಎನ್ನುತ್ತದೆ. ನಮ್ಮ ಮಕ್ಕಳು ಉಳ್ಳಾಗಡ್ಡಿ, ಶೇಂಗಾ, ಕಸಬರಿಗೆ ಎನ್ನುತ್ತಾರೆ. ಮನೆಯ ಪದವನ್ನು ತಪ್ಪೆಂದು ತಿದ್ದುವ ಶಾಲೆಯಲ್ಲಿ ಮಗು ಮಾತನಾಡುವುದನ್ನೇ ನಿಲ್ಲಿಸುತ್ತದೆ. ಕಾಯ್ದೆ ಹೇಳುವ ಭಯಮುಕ್ತ ಕಲಿಕೆ ಇಲ್ಲಿಂದ ಶುರುವಾಗಬೇಕು.

ಎರಡನೆಯದು ಗುಳೆ, ಎಂದರೆ ದುಡಿಯಲು ಊರು ಬಿಟ್ಟು ಹೋಗುವುದು. ದಸರೆ ಮುಗಿಯುತ್ತಲೇ ತಾಂಡಾದ ಕುಟುಂಬಗಳು ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಲಾಪುರದ ಕಡೆಗೆ, ಕಟ್ಟಡದ ಕೆಲಸಕ್ಕೆ ಗೋವಾ, ಮಂಗಳೂರಿಗೆ ಹೊರಡುತ್ತವೆ. ಅಜ್ಜ ಅಜ್ಜಿಯರ ಬಳಿ ಉಳಿಯುವ ಮಕ್ಕಳು ಇದ್ದಾರೆ, ಇಲ್ಲದವರು ತಂದೆ ತಾಯಿಯೊಡನೆ ಹೋಗುತ್ತಾರೆ. ಮರಳಿ ಬರುವುದು ಹೋಳಿ ಹುಣ್ಣಿಮೆ, ಯುಗಾದಿಯ ಸುಮಾರಿಗೆ, ಆಗ ನಮ್ಮಲ್ಲಿ ಸಂಕಲನಾತ್ಮಕ ಮೌಲ್ಯಮಾಪನದ (ವರ್ಷದ ಕೊನೆಯ ಪರೀಕ್ಷೆಯ) ತಯಾರಿ ನಡೆದಿರುತ್ತದೆ. ನೀವು ಲೆಕ್ಕ ಹಾಕಿದ 800 ಗಂಟೆಗಳಲ್ಲಿ ಆ ಮಗುವಿಗೆ ಸಿಕ್ಕದ್ದು ಅರ್ಧ. ಹಾಜರಿ ಪುಸ್ತಕದಲ್ಲಿ ಅದನ್ನು ಗೈರು ಎಂದು ಬರೆಯುತ್ತೇವೆ; ಕಬ್ಬಿನ ಗದ್ದೆಯಲ್ಲಿ ಅದು ತಮ್ಮನನ್ನು ಎತ್ತಿಕೊಂಡು, ಕಟ್ಟು ಎಣಿಸಿಕೊಂಡು, ಮರಾಠಿ ಕಲಿತುಕೊಂಡು ಬಂದಿರುತ್ತದೆ. ಏಣಿಯ ಯಾವ ಮೆಟ್ಟಿಲಿನಲ್ಲಿ ಬಿಟ್ಟು ಹೋಯಿತೋ ಅಲ್ಲಿಂದಲೇ ಮತ್ತೆ ಹತ್ತಲು ನಲಿ-ಕಲಿಯಲ್ಲಿ ಅವಕಾಶವಿದೆ. ನಾಲ್ಕು, ಐದರಲ್ಲಿ ಪಾಠಗಳು ಮುಂದೆ ಹೋಗಿಬಿಟ್ಟಿರುತ್ತವೆ.

ನನ್ನ ಬೇಡಿಕೆ ಇಷ್ಟೇ. ಹೋಗಿ ಬರುವ ಮಗುವಿಗೂ ನಿಮ್ಮ ಆಶಯಗಳು ಅನ್ವಯಿಸುವಂತಿರಬೇಕು. ಹೊರಡುವಾಗ ಕೈಗೆ ನಾಲ್ಕು ಓದುವ ಪುಸ್ತಕ, ಒಂದು ಬರೆಯುವ ಪುಸ್ತಕ ಕೊಟ್ಟು ಕಳಿಸುವುದು, ಮರಳಿದಾಗ ಮೊದಲ ವಾರ ಬೈಯದೆ ಅದು ಕಂಡದ್ದನ್ನು ಕೇಳಿ ಬರೆಯಿಸುವುದು, ಬಿಟ್ಟಲ್ಲಿಂದ ಹಿಡಿಯುವುದು. ಬೀಳಗಿಯ ಮೇಡಂ ಹೇಳಿದ ಸ್ವಕಲಿಕೆಯ ಆಶಯ ಈ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಬೇಕು, ಏಕೆಂದರೆ ಆರು ತಿಂಗಳು ಅವರ ಬಳಿ ಗುರುಗಳೇ ಇರುವುದಿಲ್ಲ.

ಪಾಲಕಿ, ಅಥಣಿ

ನಮ್ಮ ಗಡಿಭಾಗದಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳು ಬಹಳ. ಎರಡು ಪದ ಅಕ್ಕಪಕ್ಕ ಬರೆಯುವ ರೀತಿಯನ್ನು ನಮ್ಮ ಅಂಗನವಾಡಿಯವರಿಗೂ ತೋರಿಸಿದೆ, ಅವರು ಸೋಮವಾರದಿಂದಲೇ ಶುರು ಮಾಡಿದ್ದಾರೆ.

ಮುಖ್ಯಗುರು, ಡೋಣಿ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಭೆ ನಡೆಯಿತು. ಕರಡನ್ನು ಪೂರ್ತಿಯಾಗಿ ಬದಲಿಸಿ ಒಯ್ದಿದ್ದೆ.

ಈಗ ಮೊದಲ ಸಾಲು ಹೀಗಿದೆ: “ನಮ್ಮ ಶಾಲೆಯ ಮಗು ಗುರುಗಳು ಹತ್ತಿರವಿಲ್ಲದಾಗಲೂ ಓದಿ, ಕೇಳಿ, ಮಾಡಿ ಕಲಿಯುವಂತಾಗಬೇಕು.” ಉಳಿದವುಗಳನ್ನು ಅದರ ಕೆಳಗೆ ಜೋಡಿಸಿದ್ದೇನೆ, ಏಕೆಂದರೆ ಎರಡು ತರಗತಿಗಳ ನಡುವೆ ಹಂಚಿಹೋದ ಮಗುವಿಗೂ, ಗುಳೆ ಹೋಗುವ ಮಗುವಿಗೂ, ನವೋದಯದ ಪರೀಕ್ಷೆ ಬರೆಯುವ ಮಗುವಿಗೂ ಬೇಕಾದದ್ದು ಇದೊಂದೇ ಎಂದು ಈ ಚರ್ಚೆಯಿಂದ ನನಗೆ ಮನದಟ್ಟಾಯಿತು. ಕಸುಬು ಮತ್ತು ಸಮಾನತೆಯನ್ನು ಗುಳೇದಗುಡ್ಡದ ತಂಗಿ ಹೇಳಿದಂತೆ ಒಂದೇ ವಾಕ್ಯಕ್ಕೆ ತಂದಿದ್ದೇನೆ. ಮನೆಮಾತಿಗೆ ಒಂದು ಸಾಲು, ಇಂಗ್ಲಿಷಿಗೆ ಒಂದು ಸಾಲು ಸೇರಿವೆ.

ಸಭೆಯಲ್ಲಿ ಮಾತು ಬೇಗ ಮುಗಿಯಲಿಲ್ಲ. ಹೊಲದ ಲೆಕ್ಕ ಶಾಲೆಯಲ್ಲಿ ಏಕೆ, ಅದನ್ನು ಮನೆಯಲ್ಲಿ ಕಲಿಯುತ್ತಾರೆ ಎಂದು ಒಬ್ಬ ಹಿರಿಯರು ಹೇಳಿದರು. ಅದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ. ಬ್ಯಾಂಕಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದ ನೋವನ್ನು ಹೇಳಿಕೊಂಡ ಇನ್ನೊಬ್ಬ ಪಾಲಕರು. ಪ್ರಶ್ನೆ ಕೇಳಿದ್ದ ತಾಯಿ ಪುಟವನ್ನು ಮಗಳ ಕೈಯಲ್ಲಿಯೇ ಓದಿಸಿದರು. ಅವಳು ನಾಲ್ಕನೆಯ ತರಗತಿಯಲ್ಲಿದ್ದಾಳೆ. “ಪಠ್ಯಕ್ರಮ” ಎಂಬಲ್ಲಿ ತಡವರಿಸಿ ನಿಂತಳು, ಅರ್ಥ ಕೇಳಿದಳು. ಆ ಪದವನ್ನು ತೆಗೆದು “ಕಲಿಯುವುದು” ಎಂದು ಅಲ್ಲಿಯೇ ತಿದ್ದಿದೆವು. ಮಕ್ಕಳಿಗೆ ಓದಲು ಬಾರದ ಪದ ಮಕ್ಕಳ ಆಶಯಗಳ ಪುಟದಲ್ಲಿ ಇರಬಾರದೆಂದು ಸಭೆ ಒಪ್ಪಿತು.

ವೇಳಾಪಟ್ಟಿಯಲ್ಲಿ ಎರಡು ಬದಲಾವಣೆಗಳಾಗಿವೆ. ಪ್ರಾರ್ಥನೆಯ ನಂತರದ ಮೊದಲ 40 ನಿಮಿಷ ಐದೂ ತರಗತಿಗಳಿಗೆ ಓದಿನ ಹೊತ್ತು, ಆಗ ನಾವಿಬ್ಬರೂ ದಾಖಲೆ ಪುಸ್ತಕಗಳನ್ನು ಮುಟ್ಟುವುದಿಲ್ಲ. ದೊಡ್ಡ ಮಕ್ಕಳು ಸಣ್ಣವರೊಡನೆ ಕೂತು ಓದುತ್ತಾರೆ. ಶನಿವಾರದ ಎರಡು ಅವಧಿಗಳು ಬಯಲು, ಹೊಲ, ಕಣಗಳಿಗೆ. ಎಳ್ಳಮವಾಸ್ಯೆಯ ನಂತರ ಜೋಳ ತೆನೆ ಹಿರಿದು ನಿಂತಾಗ ಸೀತನಿಯ (ಸುಟ್ಟು ತಿನ್ನುವ ಎಳೆಯ ಜೋಳದ) ಹೊಲಕ್ಕೆ ಹೋಗುವುದೆಂದು ಮಕ್ಕಳೇ ತೀರ್ಮಾನಿಸಿದ್ದಾರೆ. ಒಂದು ತೆನೆಯ ಕಾಳು ಎಣಿಸಿ ಒಂದು ಚೀಲದಲ್ಲಿ ಎಷ್ಟಿರಬಹುದೆಂದು ಅಂದಾಜು ಮಾಡಬೇಕೆಂಬುದು ಅವರ ಯೋಜನೆ.

ಬೀಳಗಿಯ ಅಕ್ಕೋರೇ, ನಾಲ್ಕನೆಯ ತರಗತಿಗೆ ಸ್ವಕಲಿಕೆಯ ಕಾರ್ಡುಗಳನ್ನು ನಾನೇ ಬರೆಯಬೇಕಾಗಿದೆ. ಪರಿಸರ ಅಧ್ಯಯನದ ನೀರಿನ ಪಾಠದಿಂದ ಆರಂಭಿಸಿದ್ದೇನೆ. ಡೋಣಿಯ ನೀರು ಉಪ್ಪಾಗಿರುವ ವಿಷಯವನ್ನು ಮಗು ತಾನಾಗಿ ಪರೀಕ್ಷಿಸಿ ನೋಡುವಂತೆ ಕಾರ್ಡಿನಲ್ಲಿ ಹೇಗೆ ತರಬೇಕೆಂದು ತಿಳಿಯುತ್ತಿಲ್ಲ.

ನಲಿ-ಕಲಿ ಶಿಕ್ಷಕಿ, ಬೀಳಗಿ ಕಡೆಯಿಂದ

ಗುರುಗಳೇ, ಎರಡು ತಟ್ಟೆಗಳಲ್ಲಿ ಸಮನಾಗಿ ನೀರು ಹಾಕಿಸಿರಿ, ಒಂದರಲ್ಲಿ ಡೋಣಿಯದು, ಇನ್ನೊಂದರಲ್ಲಿ ಮಳೆಯದು. ಬಿಸಿಲಿಗೆ ಇಟ್ಟು ಪೂರ್ತಿ ಆರಿದ ಮೇಲೆ ತಳದಲ್ಲಿ ಏನು ಉಳಿದಿದೆ ಎಂದು ನೋಡಿ ಬರೆಯಲಿ. ಕಾರ್ಡಿನಲ್ಲಿ ಉತ್ತರ ಬರೆಯಬೇಡಿರಿ, ಎರಡು ತಟ್ಟೆಗಳ ಚಿತ್ರ ಮತ್ತು “ದಿನವೂ ನೋಡು, ಬರೆ” ಎಂಬ ಮಾತು ಸಾಕು. ನನ್ನ ಬಳಿ ಇರುವ ಹಳೆಯ ಕಾರ್ಡುಗಳ ಒಂದು ಕಟ್ಟನ್ನು ಮುಂದಿನ ವಾರ ಬಾಗಲಕೋಟೆಗೆ ಬಂದಾಗ ನಿಮ್ಮ ಕಡೆಗೆ ಹೊರಡುವವರ ಕೈಯಲ್ಲಿ ಕಳಿಸುತ್ತೇನೆ. ನೋಡಿ ಮುಗಿದ ಮೇಲೆ ತಾಂಡಾ ಶಾಲೆಯ ಗುರುಗಳಿಗೆ ಮುಟ್ಟಿಸಿರಿ.